ಅಳತೆಯ ಲೋಟ

ಮನೆಯಿಂದ ಒಬ್ಬರು ಎದ್ದುಹೋದ ಮೇಲೆ ಅವರ ವಸ್ತುಗಳನ್ನು ಏನು ಮಾಡಬೇಕೆಂಬುದು ಉಳಿದವರ ಪಾಲಿನ ದೊಡ್ಡ ಫಜೀತಿ. ಬಟ್ಟೆಬರೆ ಹೇಗೋ ದಾನಕ್ಕೆ ಸಲ್ಲುತ್ತದೆ. ಕನ್ನಡಕ, ಕೈಗಡಿಯಾರ, ಪೆನ್ನು ಬೀರುವಿನ ಒಳಖಾನೆ ಸೇರಿ ಸುಮ್ಮನಾಗುತ್ತವೆ. ಕಷ್ಟ ಕೊಡುವುದು ದೊಡ್ಡ ವಸ್ತುಗಳು, ಅದರಲ್ಲೂ ವಾಹನ. ಅದನ್ನು ಬೀರುವಿನಲ್ಲಿ ಇಡುವಂತಿಲ್ಲ. ನಿಲ್ಲಿಸಿದರೆ ತುಕ್ಕು ಹಿಡಿಯುತ್ತದೆ, ಮಾರಿದರೆ ಮನಸ್ಸು ಕೊರೆಯುತ್ತದೆ.

ನಮ್ಮವರದು ಜಾವಾ ಮೋಟಾರ್ ಸೈಕಲ್ಲು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಪಶುವೈದ್ಯರಾಗಿದ್ದ ಅವರು ಮಲೆನಾಡಿನ ಹಳ್ಳಿಹಳ್ಳಿಗೂ ಅದರ ಮೇಲೆಯೇ ಹೋಗಿ ದನಕರುಗಳಿಗೆ ಔಷಧ ಕೊಟ್ಟು ಬರುತ್ತಿದ್ದರು. ಆ ಗಾಡಿಗೆ ಬರೀ ಪೆಟ್ರೋಲು ಸಾಲದು, ಇಪ್ಪತ್ತು ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸಿ ಹಾಕಬೇಕು. ಎಣ್ಣೆ ಅಳೆಯುವ ಕೆಲಸ ನಮ್ಮ ಮಗಳದು. ಎಂಟು ವರ್ಷದ ಹುಡುಗಿ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಣ್ಣ ತಗಡಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಹನಿ ಹೆಚ್ಚಿಲ್ಲ ಕಮ್ಮಿಯಿಲ್ಲ ಎಂಬಂತೆ ಅಳೆಯುತ್ತಿದ್ದಳು. "ಇವಳು ಅಳೆದರೆ ಗಾಡಿ ಹೊಗೆಯೇ ಉಗುಳೋದಿಲ್ಲ" ಎಂದು ಅವರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

1998ರಲ್ಲಿ ಅವರು ಹೋದರು. ಮಗಳು ಆಗಲೇ ಮದುವೆಯಾಗಿ ಆಸ್ಟ್ರೇಲಿಯಾ ಸೇರಿದ್ದಳು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ಮೈದುನನೊಬ್ಬ ಯಾರನ್ನೋ ಕರೆತಂದು, ಕೊಟ್ಟಷ್ಟು ತೆಗೆದುಕೊಂಡು ಜಾವಾ ಮಾರಿಬಿಟ್ಟ. ನನ್ನನ್ನು ಒಂದು ಮಾತು ಕೇಳಲಿಲ್ಲ. ಹೆಂಗಸರಿಗೆ ಗಾಡಿ ಯಾಕೆ ಎಂಬುದು ಅವನ ಲೆಕ್ಕ. ಬೀದಿಯ ತಿರುವಿನಲ್ಲಿ ಆ ಸದ್ದು ಕರಗುವವರೆಗೂ ನಾನು ನಡುಮನೆಯ ಕಂಬ ಹಿಡಿದು ನಿಂತಿದ್ದೆ. ಮಗಳಿಗೆ ಕಾಗದ ಬರೆದಾಗ ಅವಳು ಉತ್ತರದಲ್ಲಿ ಬೇರೇನೂ ಕೇಳಲಿಲ್ಲ. "ತಗಡಿನ ಅಳತೆಯೂ ಹೋಯಿತೇ?" ಎಂದಷ್ಟೇ ಕೇಳಿದ್ದಳು. ಅದೂ ಗಾಡಿಯ ಡಬ್ಬಿಯೊಳಗೇ ಹೋಗಿತ್ತು.

ಇಷ್ಟು ಪೀಠಿಕೆ ಏಕೆಂದರೆ, 2023ರ ಜೂನ್ ತಿಂಗಳಲ್ಲಿ ನಾನು ಮೆಲ್ಬರ್ನಿನ ಮಗಳ ಮನೆಗೆ ಹೋದಾಗ ಅಲ್ಲಿಯೂ ಒಂದು ವಾಹನ ಇದೇ ಪ್ರಶ್ನೆ ಹಾಕಿಕೊಂಡು ನಿಂತಿತ್ತು.

ಅಳಿಯಂದಿರು 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಕೊರೋನಾ ಎಂದು ಆ ದೇಶ 2020ರ ಮಾರ್ಚಿಯಲ್ಲಿ ಗಡಿ ಮುಚ್ಚಿತ್ತು. ನಮ್ಮಂಥ ವೀಸಾದವರಿಗೆ ಬಾಗಿಲು ತೆರೆದದ್ದು 2022ರ ಫೆಬ್ರವರಿಯಲ್ಲಿ. ಅಳಿಯನ ಅಂತ್ಯಕ್ರಿಯೆಯನ್ನು ನಾನು ಪಕ್ಕದ ಮನೆಯ ಹುಡುಗನ ಮೊಬೈಲಿನಲ್ಲಿ ನೋಡಿದೆ. ಆಮೇಲೆ ನನ್ನ ಮಂಡಿಯ ಆಪರೇಷನ್ನು, ಅದು ಇದು ಎಂದು ತಡವಾಗಿ, ಕೊನೆಗೆ ಹೋಗಿ ಮಗಳ ತಲೆ ಸವರಿದ್ದು ಎರಡು ವರ್ಷವಾದ ಮೇಲೆ.

ಹೋದ ಎರಡೇ ದಿನಕ್ಕೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಅಡಿಗೆಮನೆಯ ಪಕ್ಕದಲ್ಲೇ ಕಾರುಕೊಟ್ಟಿಗೆಗೆ ಒಂದು ಒಳಬಾಗಿಲಿದೆ. ಮಗಳು ಆ ಬಾಗಿಲನ್ನು ಮುಟ್ಟುವುದೇ ಇಲ್ಲ. ಕಸದ ಡಬ್ಬಿ ಆ ಕಡೆಯಿದ್ದರೂ ಮುಂಬಾಗಿಲಿನಿಂದ ಬಳಸಿಕೊಂಡು ಹೋಗುತ್ತಾಳೆ. ಮೊಮ್ಮಗನನ್ನು ಕೇಳಿದೆ. ಇಪ್ಪತ್ಮೂರರ ಹುಡುಗ ತಲೆ ತಗ್ಗಿಸಿ, "ಅಪ್ಪ ಬಿದ್ದಿದ್ದು ಅಲ್ಲೇ ಅಜ್ಜಿ. ಕಾರಿನ ಪಕ್ಕ. ಅಮ್ಮಾನೇ ಮೊದಲು ನೋಡಿದ್ದು" ಎಂದ. ನಾನು ಮತ್ತೆ ಕೇಳಲಿಲ್ಲ.

ಆ ಕಾರು 1983ರ ಮಜ್ದಾ ಆರ್‌ಎಕ್ಸ್-7. ಅಳಿಯಂದಿರು 1999ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮೂಗು ಚೂಪು, ದೀಪಗಳು ಬೇಕಾದಾಗ ಮಾತ್ರ ರೆಪ್ಪೆ ತೆರೆದಂತೆ ಮೇಲೇಳುತ್ತವೆ. ಎರಡು ವರ್ಷದಿಂದ ಕದಲದೆ ನಿಂತು ಧೂಳು ಹೊದ್ದಿತ್ತು. ಮಗಳದು ಒಂದೇ ಹಟ, ಮಾರಬೇಕು. ಕಾರು ಮಾರಿ, ಆಮೇಲೆ ಮನೆಯನ್ನೂ ಮಾರಿ ಚಿಕ್ಕ ಯೂನಿಟ್ಟಿಗೆ ಹೋಗಬೇಕು. ಮೊಮ್ಮಗನದು ಅದಕ್ಕೆ ವಿರುದ್ಧ ಹಟ, ಓಡಿಸಬೇಕು. ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು, ಮಾತು ಮಾತ್ರ ನನ್ನ ಮೂಲಕ ಸಾಗುತ್ತಿತ್ತು. "ಉಪ್ಪು ಬೇಕೇನೋ ಕೇಳಮ್ಮ ಅವನನ್ನ" ಎಂದು ಮಗಳು, "ಬೇಡ ಅಂತ ಹೇಳಿ ಅಜ್ಜಿ" ಎಂದು ಮೊಮ್ಮಗ. ಕೊನೆಗೆ ನಾನೇ ಒಂದು ರಾಜಿ ಮಾಡಿಸಿದೆ. ನಾನು ಊರಿಗೆ ಹೊರಡುವಷ್ಟರಲ್ಲಿ ಕಾರು ಓಡಿದರೆ ಇರಲಿ, ಓಡದಿದ್ದರೆ ಮಾರಾಟ. ಮೂರು ತಿಂಗಳ ಅವಧಿ.

ಹಾಗೆ ನಾನು, ಎಪ್ಪತ್ಮೂರನೆಯ ವಯಸ್ಸಿನಲ್ಲಿ, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, ಗ್ಯಾರೇಜಿನಲ್ಲಿ ಟಾರ್ಚು ಹಿಡಿಯುವ ಉದ್ಯೋಗಕ್ಕೆ ಸೇರಿದೆ.

ಟಾರ್ಚು ಹಿಡಿಯಲು ಯಾರಾದರೂ ಸಿಗುತ್ತಿದ್ದರು. ಅವನಿಗೆ ನಾನು ಬೇಕಾಗಿದ್ದದ್ದು ಬೇರೆ ಕಾರಣಕ್ಕೆ. ಶೆಲ್ಫಿನ ಮೇಲೊಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಹಳೆಯದಾದರೂ ತೊಳೆದು ಒರೆಸಿಟ್ಟ ವೆಬರ್ ಕಂಪನಿಯ ಒಂದು ಕಾರ್ಬ್ಯುರೇಟರು, ಅದನ್ನು ಎಂಜಿನ್ನಿಗೆ ಕೂರಿಸುವ ಅಲ್ಯೂಮಿನಿಯಂ ಮ್ಯಾನಿಫೋಲ್ಡು, ಮೇಲೊಂದು ನೋಟುಪುಸ್ತಕ. ಕಾರಿನ ಮೂಲ ಕಾರ್ಬ್ಯುರೇಟರನ್ನು ತೆಗೆದು ಇದನ್ನು ಹಾಕಬೇಕೆಂದು ಅಳಿಯಂದಿರು ಒಂದೊಂದಾಗಿ ಕೂಡಿಸಿಟ್ಟಿದ್ದರು. ದಾವಣಗೆರೆಯ ಮನುಷ್ಯ, ಇಪ್ಪತ್ತೈದು ವರ್ಷ ಪರದೇಶದಲ್ಲಿದ್ದರೂ ತಮಗಾಗಿ ಬರೆದುಕೊಳ್ಳುವುದನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದರು. ಮೊಮ್ಮಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅಪ್ಪನ ಕೈಬರಹ ಎದುರಿಗಿದ್ದೂ ಎರಡು ವರ್ಷ ಅದನ್ನು ಚಿತ್ರದಂತೆ ನೋಡುತ್ತಿದ್ದನಂತೆ. ಅಮ್ಮನನ್ನು ಕೇಳುವ ಧೈರ್ಯವಾಗಿರಲಿಲ್ಲ.

ಈ ಕಾರಿನ ಎಂಜಿನ್ನು ಎಲ್ಲ ಕಾರುಗಳ ಹಾಗಲ್ಲ. ಬೇರೆಯವುಗಳಲ್ಲಿ ಪಿಸ್ಟನ್ನುಗಳು ಒನಕೆಯಂತೆ ಮೇಲೆ ಕೆಳಗೆ ಕುಟ್ಟುತ್ತವೆ. ಇದರಲ್ಲಿ ಕುಟ್ಟಾಣಿಯಿಲ್ಲ, ರುಬ್ಬುವ ಒರಳಿದೆ. ನಡು ಸ್ವಲ್ಪ ಸೊರಗಿದ ಕಡಲೆಕಾಯಿಯಾಕಾರದ ಗೂಡು, ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನದ ರೋಟರು. ಒರಳಿನಲ್ಲಿ ಗುಂಡು ಗೋಡೆಗೆ ಒತ್ತಿಕೊಂಡು ತಾನೂ ಸುತ್ತುತ್ತಾ ಸಾಗುವುದಿಲ್ಲವೇ, ಹಾಗೆ ಅದು ತಿರುಗುತ್ತದೆ. ರೋಟರು ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ತಿರುಗಿರುತ್ತದೆ. ಈ ಕಾರಿನಲ್ಲಿ ಅಂಥ ರೋಟರು ಎರಡು. ಒಟ್ಟು ಅಳತೆ 1146 ಸಿ.ಸಿ. ಮಾತ್ರ.

ಇದನ್ನು ಯೋಚಿಸಿದವರು ಜರ್ಮನಿಯ ಫೆಲಿಕ್ಸ್ ವಾಂಕೆಲ್, ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯ. ಮೊದಲ ಮಾದರಿ ಓಡಿದ್ದು 1957ರಲ್ಲಿ. 1961ರಲ್ಲಿ ಹಿರೋಶಿಮಾದ ಮಜ್ದಾ ಕಂಪನಿ ಅದರ ಹಕ್ಕು ಪಡೆಯಿತು. ಆದರೆ ಎಂಜಿನ್ನು ಓಡಿದಂತೆಲ್ಲ ಒಳಗೋಡೆಯ ಮೇಲೆ ಸಾಲುಸಾಲು ಗೀರು ಬೀಳುತ್ತಿತ್ತು. ಅದಕ್ಕೆ ಅವರು ದೆವ್ವದ ಉಗುರಿನ ಗುರುತು ಎಂದೇ ಹೆಸರಿಟ್ಟಿದ್ದರು. ರೋಟರಿನ ಮೂರು ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡಿರುವ ಪಟ್ಟಿಗಳು ಅದುರಿ ಮಾಡುತ್ತಿದ್ದ ಕೆಲಸ ಅದು. ಕೆನಿಚಿ ಯಮಮೊಟೊ ಎಂಬವರ ಕೈಕೆಳಗೆ 47 ಮಂದಿ ವರ್ಷಗಟ್ಟಲೆ ಕೂತು ಆ ಪಟ್ಟಿಗಳನ್ನು ಪಳಗಿಸಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಕಾರನ್ನು ಹೊರತಂದರು. ಇದೆಲ್ಲ ನೋಟುಪುಸ್ತಕದ ಮೊದಲ ಪುಟಗಳಲ್ಲಿತ್ತು. ನಾನು ಓದುತ್ತಾ ಹೋದೆ, ಹುಡುಗ ಪುರಾಣ ಕೇಳುವಂತೆ ಕೇಳಿದ.

ಕಾರ್ಬ್ಯುರೇಟರು ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೌವಿನಲ್ಲಿ ಹತ್ತು ವರ್ಷ ಅಡಿಗೆ ಮಾಡಿದವಳು ನಾನು. ಸೂಕ್ಷ್ಮ ತೂತಿನಿಂದ ಎಣ್ಣೆ ಚಿಮ್ಮಬೇಕು, ಗಾಳಿ ಹದವಾಗಿ ಬೆರೆಯಬೇಕು. ಎಣ್ಣೆ ಹೆಚ್ಚಾದರೆ ಹಳದಿ ಉರಿ, ಪಾತ್ರೆಗೆಲ್ಲ ಮಸಿ. ಗಾಳಿ ಹೆಚ್ಚಾದರೆ ಉರಿ ಬುಸುಗುಟ್ಟಿ ಆರುತ್ತದೆ. ತೂತು ಕಟ್ಟಿದರೆ ಪಿನ್ನು. ಕಾರಿನಲ್ಲೂ ಅಷ್ಟೇ. ಗಾಳಿ ಇಕ್ಕಟ್ಟಾದ ಗಂಟಲಿನಲ್ಲಿ ರಭಸವಾಗಿ ನುಗ್ಗುವಾಗ ಪೆಟ್ರೋಲನ್ನು ಸಣ್ಣ ಜೆಟ್ಟಿನ ಮೂಲಕ ಎಳೆದುಕೊಳ್ಳುತ್ತದೆ. ಹಳೆಯ ಕಾರ್ಬ್ಯುರೇಟರಿಗೆ ನಾಲ್ಕು ಗಂಟಲು, ಎರಡು ವರ್ಷದ ಪೆಟ್ರೋಲು ಒಣಗಿ ಅದರ ತೂತುಗಳಲ್ಲೆಲ್ಲ ಅಂಟಾಗಿ ಕೂತಿತ್ತು. ಹೊಸದು 48 ಐಡಿಎ, ಎರಡೇ ಗಂಟಲು, ಒಂದೊಂದೂ 48 ಮಿಲಿಮೀಟರು ಅಗಲ. ಎರಡು ರೋಟರಿಗೆ ಎರಡು ಗಂಟಲು, ಲೆಕ್ಕ ನೇರ. ಈ ವೆಬರ್ ಕಂಪನಿಯನ್ನು 1923ರಲ್ಲಿ ಇಟಲಿಯ ಬೊಲೋನಿಯಾದಲ್ಲಿ ಕಟ್ಟಿದವರು ಎಡ್ವಾರ್ಡೊ ವೆಬರ್. ಯುದ್ಧ ಮುಗಿದ 1945ರಲ್ಲಿ ಕಾಣೆಯಾದ ಅವರು ಮತ್ತೆ ಸಿಗಲೇ ಇಲ್ಲ. ಅವರ ಮನೆಯವರು ಏನೇನನ್ನು ಬೀರುವಿನಲ್ಲಿ ಎತ್ತಿಟ್ಟರೋ ಎಂದು ನನಗನ್ನಿಸಿತು.

ಹಳೆಯದನ್ನು ಬಿಚ್ಚುವುದಕ್ಕೇ ಒಂದು ವಾರ. ಅದರ ಸುತ್ತ ರಬ್ಬರು ನಳಿಕೆಗಳ ಜಟೆ. ಈ ಕಾರಿನವರು ಅದನ್ನು ಇಲಿಯ ಗೂಡು ಎನ್ನುತ್ತಾರಂತೆ, ಹೆಸರು ತಪ್ಪಲ್ಲ. ಯಾವುದು ಎಲ್ಲಿಗೆ ಎಂದು ಮರೆಯದಂತೆ ನಾನು ಚೀಟಿ ಬರೆದು ದಾರದಲ್ಲಿ ಕಟ್ಟಿದೆ. ಅ, ಆ, ಇ, ಈ. ಅಂಗುಷ್ಠದ ಗಾತ್ರದ ಹುಡುಗನಾಗಿದ್ದಾಗ ಕಲಿಯದ ಅಕ್ಷರಮಾಲೆಯನ್ನು ಅವನು ಇಪ್ಪತ್ಮೂರಕ್ಕೆ ಎಂಜಿನ್ನಿನ ಮುಂದೆ ನಿಂತು ಕಲಿತ.

ಹೊಸ ಮ್ಯಾನಿಫೋಲ್ಡು ಕೂತಿತು, ಅದರ ಮೇಲೆ ವೆಬರ್ ಕೂತಿತು. ಇದು ಹಳೆಯದಕ್ಕಿಂತ ಎತ್ತರ. ಮೇಲೆ ಗಾಳಿ ಸೋಸುವ ಡಬ್ಬಿ ಇಟ್ಟರೆ ಬಾನೆಟ್ಟು ಮುಚ್ಚುತ್ತದೆಯೋ ಇಲ್ಲವೋ? ಮುಚ್ಚಿ ನೋಡಿದರೆ ಒಳಗೆ ಎಷ್ಟು ಜಾಗವಿದೆಯೆಂದು ಕಾಣುವುದಿಲ್ಲ. ಅವನು ಜೇಡಿಮಣ್ಣು ತರಲು ಅಂಗಡಿಗೆ ಹೊರಟ. "ಇರೋ ಮಾರಾಯ" ಎಂದು ನಾನು ಚಪಾತಿ ಹಿಟ್ಟಿನ ನಾಲ್ಕು ಉಂಡೆ ತಂದು ಡಬ್ಬಿಯ ಮೇಲಿಟ್ಟೆ. ಬಾನೆಟ್ಟು ಮುಚ್ಚಿ ತೆಗೆದಾಗ ಉಂಡೆಗಳು ಚಪ್ಪಟೆಯಾಗಿ, ಒಂದು ಬೆರಳಿನ ದಪ್ಪ ಉಳಿದಿತ್ತು. ಅಷ್ಟು ಜಾಗವಿದೆ ಎಂದಾಯಿತು. ಎರಡು ವರ್ಷದಲ್ಲಿ ಅವನು ನಕ್ಕದ್ದನ್ನು ನಾನು ಕಂಡದ್ದು ಆ ದಿನ.

ಆಮೇಲೆ ಬಂದದ್ದು ಕೆಟ್ಟ ದಿನ. ಹಳೆಯ ಪೆಟ್ರೋಲ್ ಪಂಪು ಸತ್ತಿತ್ತೆಂದು ಅವನು ಹೊಸ ಎಲೆಕ್ಟ್ರಿಕ್ ಪಂಪು ತಂದಿದ್ದ. ಸ್ವಿಚ್ಚು ಒತ್ತಿದ್ದೇ ತಡ, ಕಾರ್ಬ್ಯುರೇಟರಿನ ಬಾಯಿಂದ ಪೆಟ್ರೋಲು ಉಕ್ಕಿ ಹರಿಯಿತು. ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ದಾರಿ, ಹೊಗೆ ಹೊರಬರುವ ದಾರಿ ಎರಡೂ ಒಂದೇ ಮಗ್ಗುಲಲ್ಲಿ, ಒಂದರ ಕೆಳಗೊಂದು. ಕೆಳಗಿನದು ಬಿಸಿಯಾಗಿದ್ದಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಪುಣ್ಯಕ್ಕೆ ಎಂಜಿನ್ನು ಇನ್ನೂ ಹತ್ತಿರಲಿಲ್ಲ. ವಾಸನೆ ಅಡಿಗೆಮನೆಗೆ ಹೋಯಿತು. ಮಗಳು ಒಳಬಾಗಿಲ ಆಚೆಯಿಂದಲೇ ಕಿರುಚಿದಳು:

"ಒಬ್ಬರನ್ನ ಅಲ್ಲಿ ಕಳಕೊಂಡಿದ್ದು ಸಾಕಾಗ್ಲಿಲ್ವಾ ಅಮ್ಮಾ? ನೀನೂ ಅವನ ಜೊತೆ ಸೇರ್ಕೊಂಡ್ಯಾ?"

ಬಾಗಿಲು ಮಾತ್ರ ತೆರೆಯಲಿಲ್ಲ. ಆ ರಾತ್ರಿ ಅವಳು ಕಾರು ಕೊಳ್ಳುವವರೊಬ್ಬರಿಗೆ ಫೋನು ಮಾಡಿ ಶನಿವಾರ ಬಂದು ನೋಡಲು ಹೇಳಿದಳು. ಮೊಮ್ಮಗ ಊಟ ಮಾಡದೆ ಮಲಗಿದ.

ನಾನು ನೋಟುಪುಸ್ತಕ ತಂದು ಹಾಸಿಗೆಯಲ್ಲಿ ಕೂತು ಉಳಿದ ಪುಟಗಳನ್ನು ಓದಿದೆ. ಹುಡುಗನಿಗೆ ಕೈಕೆಲಸದ ಆತುರ, ಅಷ್ಟು ದೂರ ಓದಿಸಿಕೊಂಡಿರಲಿಲ್ಲ. ಅಳಿಯಂದಿರು ಎಲ್ಲವನ್ನೂ ಬರೆದಿದ್ದರು. ವೆಬರಿನ ತೊಟ್ಟಿಯಲ್ಲಿ ತೇಲುವ ಬುರುಡೆಯೊಂದಿದೆ, ಅದು ಮೇಲೆದ್ದು ಸೂಜಿಯಿಂದ ಪೆಟ್ರೋಲಿನ ದಾರಿ ಮುಚ್ಚುತ್ತದೆ. ಪಂಪಿನ ಒತ್ತಡ 3 ಪಿಎಸ್‌ಐ ಸುತ್ತಮುತ್ತ ಇರಬೇಕು, ಹೆಚ್ಚಾದರೆ ಸೂಜಿಯನ್ನು ತಳ್ಳಿ ಉಕ್ಕುತ್ತದೆ, ನಡುವೆ ರೆಗ್ಯುಲೇಟರು, ಅಳೆಯುವ ಗಡಿಯಾರ ಹಾಕುವುದು. ಇದಕ್ಕೆ ಚೋಕ್ ಇಲ್ಲ, ಚಳಿಯಲ್ಲಿ ಹತ್ತಿಸುವಾಗ ಪೆಡಲನ್ನು ಮೂರು ನಾಲ್ಕು ಬಾರಿ ಒತ್ತುವುದು. ನಿಂತ ಎಂಜಿನ್ನನ್ನು ಒಮ್ಮೆಲೇ ತಿರುಗಿಸದೆ ಪ್ಲಗ್ಗಿನ ತೂತಿನಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸುವುದು.

ಕೊನೆಯ ಪುಟದಲ್ಲಿ ಎಣ್ಣೆಯ ವಿಚಾರ. ಮೂಲೆಯ ಪಟ್ಟಿಗಳು ಸವೆಯದಂತೆ ಈ ಎಂಜಿನ್ನು ತಾನೇ ಚೂರು ಚೂರು ಎಣ್ಣೆಯನ್ನು ಉರಿಸಿಕೊಳ್ಳುತ್ತದೆ. ಪುಟ್ಟ ಪಂಪೊಂದು ಸಣ್ಣ ಕೊಳವೆಗಳಲ್ಲಿ ಹಳೆಯ ಕಾರ್ಬ್ಯುರೇಟರಿಗೆ ಎಣ್ಣೆ ಕಳಿಸುತ್ತಿತ್ತು. ಹೊಸದರಲ್ಲಿ ಆ ಕೊಳವೆಗೆ ಜಾಗವಿಲ್ಲ. ಆದ್ದರಿಂದ ಟ್ಯಾಂಕಿನ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಅವರು ಬರೆದಿದ್ದರು: ಮಾವನವರ ಜಾವಾದಷ್ಟು ಬೇಡ, ನೂರಕ್ಕೆ ಒಂದು ಸಾಕು. ಅದರ ಕೆಳಗೆ ಇನ್ನೊಂದು ಸಾಲು: ಅಳತೆ ನನ್ನ ಕೈಲಾಗದು, ಇವಳನ್ನೇ ಕೇಳಬೇಕು.

ಬೆಳಗ್ಗೆ ಕಾಫಿ ಕುಡಿಯುವಾಗ ಆ ಪುಟ ತೆರೆದು ಮಗಳ ಮುಂದಿಟ್ಟೆ. ನಾನೇನೂ ಹೇಳಲಿಲ್ಲ. ಓದಿದಳು. ಪುಸ್ತಕ ಮಗುಚಿಟ್ಟು ಕೆಲಸಕ್ಕೆ ಹೋದಳು.

ರೆಗ್ಯುಲೇಟರು ಬಂತು, ಗಡಿಯಾರದ ಮುಳ್ಳು 3ರ ಮೇಲೆ ನಿಂತಿತು, ಪೆಟ್ರೋಲು ಉಕ್ಕಲಿಲ್ಲ. ಶುಕ್ರವಾರ ಸಂಜೆ ಮೊಮ್ಮಗ ಹತ್ತು ಲೀಟರಿನ ಕ್ಯಾನು ತಂದಿಟ್ಟು, ಎಣ್ಣೆಯ ಬಾಟಲಿಯ ಮುಚ್ಚಳದಲ್ಲಿ ಅಂದಾಜು ಮಾಡುತ್ತಿದ್ದ. ಅಡಿಗೆಮನೆಯ ಒಳಬಾಗಿಲು ತೆರೆದ ಸದ್ದಾಯಿತು.

ಮಗಳು ಹೊಸ್ತಿಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಅಡಿಗೆಯ ಗಾಜಿನ ಅಳತೆ ಲೋಟ. ನೆಲ ನೋಡಿದಳು, ಕಾರು ನೋಡಿದಳು. ಎಷ್ಟು ಹೊತ್ತು ನಿಂತಳೋ. ಆಮೇಲೆ ಮೂರು ಮೆಟ್ಟಿಲು ಇಳಿದು ಬಂದು, "ಎಣ್ಣೆ ಮೊದಲು, ಪೆಟ್ರೋಲು ಆಮೇಲೆ. ಆಗಲೇ ಚೆನ್ನಾಗಿ ಬೆರೆಯೋದು. ಹತ್ತು ಲೀಟರಿಗೆ ನೂರು ಮಿಲಿ. ಕೊಡು ಇಲ್ಲಿ" ಎಂದು ಬಾಟಲಿ ಕಸಿದುಕೊಂಡಳು. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆದಳು. ಕೈ ನಡುಗುತ್ತಿತ್ತು, ಅಳತೆ ತಪ್ಪಲಿಲ್ಲ.

ಎಂಜಿನ್ನು ಮೊದಲ ಸಲಕ್ಕೆ ಹತ್ತಿತು ಎಂದರೆ ಸಿನಿಮಾ ಆಗುತ್ತದೆ. ನಾಲ್ಕನೆಯದಕ್ಕೆ ಕೆಮ್ಮಿ, ಆರನೆಯದಕ್ಕೆ ಹೊಗೆ ಉಗುಳಿ, ಏಳನೆಯದಕ್ಕೆ ಹತ್ತಿಕೊಂಡಿತು. ಬೇರೆ ಕಾರಿನಂತೆ ಗುರುಗುಟ್ಟಲಿಲ್ಲ, ಕಡಜಗಳ ಗೂಡಿಗೆ ಕಲ್ಲೆಸೆದಂತೆ ಗುಂಯ್ಯೆಂದಿತು. ಒಂದೊಂದು ಗಂಟಲಿಗೂ ಒಂದು ಸ್ಕ್ರೂ ಇದೆ. ಅದನ್ನು ಒಳಕ್ಕೆ ತಿರುಗಿಸಿ ಎಂಜಿನ್ನು ತಡವರಿಸಿದ ಮೇಲೆ ನಿಧಾನ ಹೊರಕ್ಕೆ ಬಿಡುತ್ತಾ, ಸದ್ದು ಹದಕ್ಕೆ ಬಂದಾಗ ನಿಲ್ಲಿಸಬೇಕು. ಮೊಮ್ಮಗ ತಿರುಗಿಸಿದ, ಮಗಳು ಕಣ್ಣು ಮುಚ್ಚಿ ಕೇಳಿದಳು. "ಮುಂದಿನದು ಇನ್ನು ಸ್ವಲ್ಪ ಬಿಡು. ಸಾಕು. ಹಿಂದಿನದು ಒಂಚೂರು." ಬೀದಿಯ ತುದಿಯಲ್ಲಿ ಜಾವಾ ತಿರುಗಿದ್ದನ್ನು ಒಳಮನೆಯಿಂದಲೇ ಗುರುತಿಸುತ್ತಿದ್ದ ಕಿವಿ ಅದು. ಎರಡು ವರ್ಷದಲ್ಲಿ ತಾಯಿ ಮಗ ನನ್ನ ಮಧ್ಯಸ್ಥಿಕೆಯಿಲ್ಲದೆ ಆಡಿದ ಮೊದಲ ಮಾತು ಇವೇ.

ಅಳುವುದಕ್ಕೂ ಒಂದು ನೆಪ ಬೇಕು. ಹೊಗೆ ಕಣ್ಣಿಗೆ ಹೋಯಿತೆಂದು ಮಗಳು ಅತ್ತಳು. ಎರಡು ವರ್ಷ ಎಲ್ಲಿತ್ತೋ ಅಷ್ಟು ನೀರು. ಹುಡುಗ ಕೈಯೆಲ್ಲ ಎಣ್ಣೆಯಾಗಿದ್ದರೂ ಅಮ್ಮನನ್ನು ಹಿಡಿದುಕೊಂಡ. ನಾನು ಟಾರ್ಚು ಆರಿಸಿದೆ.

ಶನಿವಾರ ಬರಬೇಕಾಗಿದ್ದವರಿಗೆ ಅವಳೇ ಫೋನು ಮಾಡಿ ಬೇಡವೆಂದಳು. ಹಾಗೆಂದು ಎಲ್ಲ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಮನೆ ಮಾರುವ ಯೋಚನೆ ಅವಳ ತಲೆಯಿಂದ ಹೋಗಿಲ್ಲ, ಹೋಗಬೇಕೆಂದೂ ಇಲ್ಲ. ಅದು ಅವಳು ನಿರ್ಧರಿಸಬೇಕಾದ್ದು, ಹದಿನಾಲ್ಕನೆಯ ದಿನ ಯಾವ ಮೈದುನನೂ ಬಂದು ನಿರ್ಧರಿಸುವುದಲ್ಲ. ನಾನು ಹೊರಡುವಾಗ ಕಾರು ಇನ್ನೂ ರಸ್ತೆಗೆ ಇಳಿದಿರಲಿಲ್ಲ. ಅಲ್ಲಿ ಯೋಗ್ಯತಾ ಪತ್ರವಾಗಬೇಕು, ಎಂಜಿನ್ನಿನಲ್ಲಿ ಮಾಡಿದ ಬದಲಾವಣೆಯನ್ನು ಬಲ್ಲವರಿಗೆ ತೋರಿಸಿ ಒಪ್ಪಿಸಬೇಕು. ಪ್ಲಗ್ಗುಗಳು ಸ್ವಲ್ಪ ಕಪ್ಪಾಗಿವೆ, ಪೆಟ್ರೋಲು ಹೆಚ್ಚಾಯಿತು, ಚಿಕ್ಕ ಜೆಟ್ಟು ಹಾಕಬೇಕೆಂದು ಮೊಮ್ಮಗ ಈಗಲೂ ಫೋನಿನಲ್ಲಿ ವರದಿ ಒಪ್ಪಿಸುತ್ತಾನೆ. ನೋಟುಪುಸ್ತಕದಲ್ಲಿ ಅಪ್ಪನ ಬರಹ ನಿಂತಲ್ಲಿಂದ ಮುಂದಕ್ಕೆ ತಾನೇ ಬರೆಯುತ್ತಿದ್ದಾನಂತೆ. ಒತ್ತಕ್ಷರ ತಪ್ಪುತ್ತದೆ ಎಂದು ಅವನ ಅಮ್ಮನ ದೂರು.

ಮೊನ್ನೆ ಮಗಳು ಮಾತಿನ ನಡುವೆ ಹೇಳಿದಳು, ಅಡಿಗೆಮನೆಗೆ ಹೊಸದೊಂದು ಅಳತೆಯ ಲೋಟ ಕೊಂಡಳಂತೆ. ಹಳೆಯದು ಗ್ಯಾರೇಜಿನ ಶೆಲ್ಫಿನ ಮೇಲಿದೆ. ಅದನ್ನು ಯಾರೂ ಮುಟ್ಟಕೂಡದೆಂದು ಹೇಳಿದ್ದಾಳೆ.